ಅರಳುಮರಳು ಅಂತ ಸುಮ್ಮನಾಗಬೇಡಿ: ಅಲ್ಝೈಮರ್ಸ್ ಇರುವ ಹಿರಿಯರಿಗೆ ಚಿಕಿತ್ಸೆ, ಕಾರ್ಡ್, ವಿಮೆ ಎಲ್ಲಿ, ಹೇಗೆ? ಇಲ್ಲಿದೆ ಮಾಹಿತಿ

ತುಮಕೂರು: ತಿಂಡಿ ತಿಂದು ಹತ್ತು ನಿಮಿಷ ಆಗಿರಲ್ಲ, ಅಜ್ಜಿ "ನಂಗಿನ್ನೂ ತಿಂಡಿನೇ ಕೊಟ್ಟಿಲ್ಲ" ಅಂತ ಬೀದಿಗೆ ಕೇಳೋ ಹಾಗೆ ಹೇಳ್ತಾರೆ. ನಲವತ್ತು ವರ್ಷ ಓಡಾಡಿದ ತೋಟದ ದಾರಿ ತಾತನಿಗೆ ತಪ್ಪುತ್ತೆ. "ಅರವತ್ತಕ್ಕೆ ಅರಳುಮರಳು" ಅಂದುಕೊಂಡು ಮನೆಯವರು ಸುಮ್ಮನಾಗ್ತಾರೆ.

ಆದರೆ ಇದು ಬರೀ ವಯಸ್ಸಿನ ಮರೆವು ಆಗಿರಬೇಕೆಂದಿಲ್ಲ. ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆ ಇರಬಹುದು. ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 60ರಿಂದ 70ರಷ್ಟು ಅಲ್ಝೈಮರ್ಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ.

ಸುಮ್ಮನಾದರೆ ಚಿಕಿತ್ಸೆ ಮಾತ್ರ ತಡ ಆಗಲ್ಲ. ಪಿಂಚಣಿ, ವಿಮೆ, ಬ್ಯಾಂಕ್ ವ್ಯವಹಾರ ಎಲ್ಲಕ್ಕೂ ತೊಡಕಾಗುತ್ತೆ. ಎಲ್ಲದಕ್ಕೂ ಮೊದಲು ಬೇಕಾಗಿರೋದು ಒಂದೇ: ವೈದ್ಯರು ಕಾಯಿಲೆಯ ಹೆಸರು ಬರೆದುಕೊಟ್ಟ ಚೀಟಿ.

ಮೊದಲು ಎಲ್ಲಿಗೆ ಹೋಗಬೇಕು?

ಗುಬ್ಬಿ, ಕುಣಿಗಲ್ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಯಾವ ವಾರ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯರ ಹತ್ರ ಅಥವಾ ಆಸ್ಪತ್ರೆ ಕೌಂಟರಿನಲ್ಲಿ ಮೊದಲೇ ಕೇಳಿಕೊಂಡು ಹೋದರೆ ಓಡಾಟ ಉಳಿಯುತ್ತೆ.

ಮುಂದಿನ ಹಂತ ತುಮಕೂರು ಜಿಲ್ಲಾಸ್ಪತ್ರೆ. ಮಿದುಳಿನ ಕಾಯಿಲೆಗಳಿಗೆ ಜಿಲ್ಲಾ ಮಟ್ಟದಲ್ಲೇ ಚಿಕಿತ್ಸೆ ಸಿಗಬೇಕೆಂದು ರಾಜ್ಯ ಸರ್ಕಾರ 2022ರ ಜನವರಿಯಲ್ಲಿ ನಿಮ್ಹಾನ್ಸ್ ಜತೆ ಸೇರಿ 'ಕರ್ನಾಟಕ ಮಿದುಳು ಆರೋಗ್ಯ' ಯೋಜನೆ ಆರಂಭಿಸಿತ್ತು. ಡಿಮೆನ್ಷಿಯಾ ಕೂಡ ಅದರ ವ್ಯಾಪ್ತಿಯಲ್ಲಿದೆ. ಜಿಲ್ಲಾಸ್ಪತ್ರೆಯಲ್ಲಿ 'ಮಿದುಳು ಆರೋಗ್ಯ ಕ್ಲಿನಿಕ್' ಎಂದೇ ಕೇಳಿ.

ಅಲ್ಲೂ ಸ್ಪಷ್ಟವಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಅಜ್ಜಿ ಮತ್ತು ಜೊತೆಗೆ ಹೋಗುವ ಸೊಸೆ ಅಥವಾ ಮಗಳಿಗೆ ಸಾಮಾನ್ಯ ಬಸ್ಸಿನಲ್ಲಿ 'ಶಕ್ತಿ' ಯೋಜನೆಯ ಉಚಿತ ಟಿಕೆಟ್ ಸಿಗುತ್ತೆ.

ಮರೆವೆಲ್ಲ ಅಲ್ಝೈಮರ್ಸ್ ಅಲ್ಲ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುವುದು, ಇವುಗಳಿಂದಲೂ ಮರೆವು ಬರುತ್ತೆ. ಇವಕ್ಕೆ ಚಿಕಿತ್ಸೆ ಕೊಟ್ಟರೆ ಎಷ್ಟೋ ಜನ ಸುಧಾರಿಸ್ತಾರೆ. ಅಲ್ಝೈಮರ್ಸ್ ಪೂರ್ತಿ ವಾಸಿ ಆಗಲ್ಲ. ಆದರೆ ಡೊನೆಪೆಜಿಲ್, ಮೆಮಂಟಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ. ಪ್ರತಿ ತಿಂಗಳ ಮಾತ್ರೆ ಖರ್ಚು ಇಳಿಸಲು ಜನೌಷಧಿ ಅಂಗಡಿಯಲ್ಲಿ ವಿಚಾರಿಸಬಹುದು.

ಆರೋಗ್ಯ ಕಾರ್ಡ್‌ನಿಂದ ಏನು ಸಿಗುತ್ತೆ, ಏನು ಸಿಗಲ್ಲ?

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. 70 ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ರಕ್ಷಣೆ ಕೊಡುವ 'ಆಯುಷ್ಮಾನ್ ವಯ ವಂದನಾ' ಕಾರ್ಡ್ ಅನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿದೆ. ಹಾಲಿನ ಡೇರಿ ಅಥವಾ ಸೊಸೈಟಿ ಸದಸ್ಯರಿಗೆ 'ಯಶಸ್ವಿನಿ' ಇದೆ.

ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದಾಗ ಸಿಗುವ ಸೌಲಭ್ಯಗಳು. ಅಲ್ಝೈಮರ್ಸ್‌ನ ಖರ್ಚು ಆಗೋದು ಮನೆಯಲ್ಲಿ. ತಿಂಗಳ ಮಾತ್ರೆ, ಡೈಪರ್, ನೋಡಿಕೊಳ್ಳೋಕೆ ಇಟ್ಟುಕೊಂಡವರ ಸಂಬಳ, ಕೂಲಿ ಬಿಟ್ಟು ಮನೇಲಿ ಕೂತ ಸೊಸೆಯ ದಿನಗೂಲಿ, ಇದ್ಯಾವುದಕ್ಕೂ ಈ ಕಾರ್ಡ್‌ಗಳಿಂದ ದುಡ್ಡು ಬರಲ್ಲ.

ಹಾಗಂತ ಕಾರ್ಡ್ ದಂಡ ಅಲ್ಲ. ಕಾಯಿಲೆ ಬಲಿತ ಮೇಲೆ ಬಿದ್ದು ಸೊಂಟದ ಮೂಳೆ ಮುರಿಯೋದು, ಊಟ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗೋದು, ಮೂತ್ರದ ಸೋಂಕು, ಮಲಗಿದಲ್ಲೇ ಬೆನ್ನು ಹುಣ್ಣಾಗೋದು ಸಾಮಾನ್ಯ. ಆಗ ದಾಖಲಾಗಲೇಬೇಕು, ಆಗ ಕಾರ್ಡ್ ಕೈ ಹಿಡಿಯುತ್ತೆ. ತುರ್ತು ಇಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತೆ. ಜಿಲ್ಲಾಸ್ಪತ್ರೆಯ 'ಆರೋಗ್ಯಮಿತ್ರ'ರ ಹತ್ರ ಆಧಾರ್, ರೇಷನ್ ಕಾರ್ಡ್ ತೋರಿಸಿ ಮೊದಲೇ ಕೇಳಿಟ್ಟುಕೊಳ್ಳಿ.

ಖಾಸಗಿ ವಿಮೆ ತಗೊಳ್ಳುವವರಿಗೆ

* 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ವಯೋಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರ ಏಪ್ರಿಲ್‌ನಿಂದ ತೆಗೆದಿದೆ.
* ಪಾಲಿಸಿಗೂ ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಗರಿಷ್ಠ 36 ತಿಂಗಳು.
* ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಕಂಪನಿ ಪ್ರಾಧಿಕಾರದ ಜತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ.
* 2019ರ ಮಾರ್ಗಸೂಚಿಯಲ್ಲಿ, ಪಾಲಿಸಿಗೂ ಮೊದಲೇ ಇದ್ದರೆ ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ ಅಲ್ಝೈಮರ್ಸ್ ಹೆಸರಿತ್ತು. ಹಾಗಾಗಿ ಸಹಿ ಹಾಕುವ ಮುನ್ನ "ಇದಕ್ಕೆ ಕವರ್ ಇದೆಯಾ?" ಅಂತ ಬರಹದಲ್ಲೇ ಉತ್ತರ ತಗೊಳ್ಳಿ.
* ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ಕ್ಲೇಮ್ ಸಮಯದಲ್ಲಿ ಅದೇ ಕಾರಣಕ್ಕೆ ತಿರಸ್ಕಾರ ಆಗುತ್ತೆ.
* ದೂರು ಕೊಟ್ಟು 30 ದಿನವಾದರೂ ಕಂಪನಿ ಉತ್ತರಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಯುಡಿಐಡಿ ಕಾರ್ಡ್: ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ

ಡಿಮೆನ್ಷಿಯಾ ಇರುವವರೂ ವಿಕಲಚೇತನರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಮಾನಸಿಕ ಅಸ್ವಸ್ಥತೆಯ ಪ್ರಮಾಣ ಅಳೆಯಲು ದೇಶದಲ್ಲಿ ಬಳಸುವ 'ಐಡಿಯಾಸ್' ಮಾಪನದಲ್ಲಿ ಡಿಮೆನ್ಷಿಯಾ ಕೂಡ ಸೇರಿದೆ. ಸ್ವಂತವಾಗಿ ಸ್ನಾನ, ಊಟ ಮಾಡಿಕೊಳ್ತಾರಾ, ಮಾತು ಅರ್ಥ ಆಗುತ್ತಾ, ಕೆಲಸ ಮಾಡ್ತಾರಾ ಎಂಬುದರ ಮೇಲೆ ಅಂಕ ಹಾಕ್ತಾರೆ. ಶೇ 40 ಅಥವಾ ಹೆಚ್ಚು ಬಂದರೆ ಸೌಲಭ್ಯಗಳಿಗೆ ಅರ್ಹತೆ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಸಹಾಯ ಮಾಡ್ತಾರೆ.

65 ದಾಟಿದ ಬಡ ಹಿರಿಯರಿಗೆ 'ಸಂಧ್ಯಾ ಸುರಕ್ಷಾ'ದಲ್ಲಿ ತಿಂಗಳಿಗೆ 1,200 ರೂ. ಇದೆ. ವಿಕಲಚೇತನರ ಪಿಂಚಣಿ ಬೇರೆ, ಎರಡೂ ಒಟ್ಟಿಗೆ ಸಿಗಲ್ಲ. ಯಾವುದು ಹೆಚ್ಚು ಅನ್ನೋದನ್ನು ನಾಡಕಚೇರಿಯಲ್ಲಿ ಕೇಳಿ ತೀರ್ಮಾನಿಸಿ.

ಜಮೀನು, ಬ್ಯಾಂಕ್ ವಿಷಯ ತಡಮಾಡಬೇಡಿ

ಕಾಯಿಲೆ ಆರಂಭದಲ್ಲಿದ್ದಾಗ ಹಿರಿಯರಿಗೆ ತಿಳಿವಳಿಕೆ ಇರುತ್ತೆ. ವಿಲ್, ನಾಮಿನಿ, ಜಂಟಿ ಖಾತೆ ಕೆಲಸಗಳನ್ನು ಅವರ ಇಷ್ಟ ಕೇಳಿಯೇ ಆಗಲೇ ಮುಗಿಸಬೇಕು. "ಜಿಪಿಎ ಬರೆಸಿಕೊಂಡಿದೀವಿ" ಅಂತ ನಿಶ್ಚಿಂತೆ ಬೇಡ. ಬರೆದುಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡರೆ ಕಾನೂನಿನ ಪ್ರಕಾರ ಅದು ನಿಲ್ಲುವುದಿಲ್ಲ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಮರೆವಿನ ತಂದೆ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಳ್ಳುವವರೂ ಇರ್ತಾರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದಿದ್ದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಆ ದಾನಪತ್ರ ರದ್ದು ಮಾಡಿಸಬಹುದು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕಿನವರು ತುಮಕೂರು ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬೇಕು. ಹಿರಿಯರ ಪರವಾಗಿ ಬೇರೆಯವರೂ ಅರ್ಜಿ ಕೊಡಬಹುದು.

ಏನು ಬದಲಾಗಬೇಕು?

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂ. ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತ್ತು. ಆ ಘೋಷಣೆಯಲ್ಲಿ ಅಲ್ಝೈಮರ್ಸ್ ಹೆಸರಿಲ್ಲ. ಹಗಲು ರಾತ್ರಿ ಕಾಯಬೇಕಾದ ಕಾಯಿಲೆ ಇದೂ ಹೌದು. ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಹಳ್ಳಿ ಮನೆಗಳಿಗೆ ನೇರವಾಗಿ ಅನುಕೂಲ ಆಗುತ್ತೆ. ಜೊತೆಗೆ ಹೊರರೋಗಿ ಮಾತ್ರೆ ಖರ್ಚು ಯೋಜನೆಯೊಳಗೆ ಬರಬೇಕು. ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರ ಇದ್ದರೆ, ಮನೆಯವರು ಕೂಲಿಗೋ ತೋಟಕ್ಕೋ ಹೋಗಿ ಬರಬಹುದು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ ಕೆಲಸ: ಹಿರಿಯರ ಜೇಬಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ ಇಡಿ. ಇತ್ತೀಚಿನ ಫೋಟೊ ಮೊಬೈಲಲ್ಲಿ ಇರಲಿ. ಕಾಣೆಯಾದರೆ ಸಂಜೆವರೆಗೆ ಕಾಯದೆ ತಕ್ಷಣ 112ಕ್ಕೆ ಕರೆ ಮಾಡಿ. ನೋಡಿಕೊಳ್ಳೋ ಕೆಲಸ ಒಬ್ಬ ಸೊಸೆ ತಲೆ ಮೇಲೇ ಹಾಕಬೇಡಿ, ಬೆಂಗಳೂರಲ್ಲಿರುವ ಮಕ್ಕಳೂ ಸರದಿ ತಗೊಳ್ಳಲಿ.

ಸಹಾಯವಾಣಿಗಳು

* ಹಿರಿಯ ನಾಗರಿಕರ ಸಹಾಯವಾಣಿ (ಎಲ್ಡರ್ ಲೈನ್): 14567
* ಟೆಲಿ ಮನಸ್ (ಮಾನಸಿಕ ಆರೋಗ್ಯ, ಕನ್ನಡದಲ್ಲಿ ಮಾತಾಡಬಹುದು): 14416
* ಪೊಲೀಸ್, ತುರ್ತು ಸೇವೆ: 112
* ಆಂಬುಲೆನ್ಸ್: 108