ಜೋಗುಳ
ಮಗುವನ್ನು ತೊಟ್ಟಿಲಲ್ಲಿ ತೂಗುತ್ತ ನಿದ್ದೆ ಬರಿಸಲು ಹಾಡುವ ಹಾಡಿಗೆ ಕನ್ನಡದಲ್ಲಿ ಜೋಗುಳವೆಂದು ಹೆಸರು. ಇದರ ಮೊದಲಲ್ಲಿರುವ ‘ಜೋ’ ಎಂಬುದು ತೂಗುವ ಲಯಕ್ಕೆ ಹೊಂದಿ ಮರುಕಳಿಸುವ, ತನಗೆ ಬೇರೆ ಅರ್ಥವಿಲ್ಲದ ಅನುಕರಣ ಶಬ್ದವಾಗಿದ್ದು, ತೆಲುಗಿನ ‘ಜೋಲ’ ಎಂಬ ಪದದಲ್ಲಿಯೂ ಅದೇ ದನಿ ಕೇಳಿಸುತ್ತದೆ. ಇದೇ ಅರ್ಥದ ತಮಿಳಿನ ‘ತಾಲಾಟ್ಟು’ ಮಾತ್ರ ಬೇರೆ ರಚನೆಯ ಪದ. ‘ಲಾಲಿ’ಯು ಜೋಗುಳಕ್ಕೆ ಸಮಾನಾರ್ಥಕವಾದರೂ, ಕನ್ನಡದಲ್ಲಿ ‘ಜೋಗುಳವಾಡು’ ಎಂಬ ಕ್ರಿಯಾರೂಪದ ಬಳಕೆ ವಿಶೇಷವಾಗಿ ಆಪ್ತವಾದುದು. ‘ಹಲಸಂಗಿಯ ಗೆಳೆಯರು’ ಎಂಬ ಸಾಹಿತಿಗಳ ಬಳಗ ಸಂಗ್ರಹಿಸಿದ ‘ಗರತಿಯ ಹಾಡು’ ಎಂಬ ಜನಪದ ಗೀತೆಗಳ ಸಂಕಲನ ತೋರಿಸುವಂತೆ, ಮೂರು ಸಾಲಿನ ಜಾನಪದ ಛಂದಸ್ಸಾದ ತ್ರಿಪದಿಯಲ್ಲಿ ಹೆಣ್ಣುಮಕ್ಕಳು ಕೂಸಿನ ಆಟ, ಅಳು, ಹಟಗಳನ್ನು ಹಾಡಿಕೊಂಡು ಬಂದಿದ್ದು, ಅಕ್ಷರವರಿಯದ ತಾಯಂದಿರು ಕಟ್ಟಿದ ಈ ಪದಗಳು ಕನ್ನಡ ಕಾವ್ಯದ ಶ್ರೇಷ್ಠ ಭಾಗಗಳಲ್ಲಿ ಸೇರತಕ್ಕವು. ಪುರಂದರದಾಸರಂಥ ಹರಿದಾಸರು ಬಾಲಕೃಷ್ಣನನ್ನೇ ತೊಟ್ಟಿಲಲ್ಲಿಟ್ಟು ಹಾಡಿದ್ದರಿಂದ ಜೋಗುಳವು ಭಕ್ತಿಗೀತೆಯ ಒಂದು ಪ್ರಕಾರವೂ ಆಗಿ, ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಇಂದಿಗೂ ಹಾಡಲ್ಪಡುತ್ತದೆ.