ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು ತೆರೆದ ಚಿಕಿತ್ಸೆ

ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬದ ದಂಪತಿಯ ಮುಂದೆ ಇಂದು ಎರಡು ಬಾಗಿಲುಗಳಿವೆ. ಒಂದು ಸರಕಾರಿ ಆಸ್ಪತ್ರೆಯದು. ಅಲ್ಲಿ ಖರ್ಚು ಕಡಿಮೆ, ಆದರೆ ಪ್ರನಾಳ ಶಿಶು ಚಿಕಿತ್ಸೆ ಇರುವ ಕೇಂದ್ರಗಳು ವಿರಳ, ಸರದಿಯೂ ಉದ್ದ. ಇನ್ನೊಂದು ಖಾಸಗಿ ಕ್ಲಿನಿಕ್ಕಿನದು. ಅಲ್ಲಿ ಕಾಯಬೇಕಿಲ್ಲ, ಆದರೆ ಒಂದೊಂದು ಪ್ರಯತ್ನಕ್ಕೂ ಲಕ್ಷದ ಲೆಕ್ಕ. ಹೆಂಡತಿಯ ಒಡವೆ ಅಡಮಾನಕ್ಕೆ ಹೋಗುವುದು ಇಲ್ಲಿಯೇ. ಈ ಚಿಕಿತ್ಸೆ ಹುಟ್ಟಿದ್ದೇ ಹಣವಂತರಿಗಾಗಿ ಎಂದು ನಾವು ತಿಳಿದಿದ್ದೇವೆ. ಇತಿಹಾಸ ಬೇರೆಯೇ ಹೇಳುತ್ತದೆ.

ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಜನಿಸಿದ್ದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದ ಸರಕಾರಿ ಆಸ್ಪತ್ರೆಯಲ್ಲಿ. ಆಕೆಯ ತಂದೆ ರೈಲ್ವೆ ನೌಕರ. ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಅವರ ಸಹಾಯಕಿ ಜೀನ್ ಪರ್ಡಿ ಇದರ ಹಿಂದಿದ್ದರು. ಇವರ ಸಂಶೋಧನೆಗೆ ನೆರವು ನೀಡಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1971ರಲ್ಲೇ ನಿರಾಕರಿಸಿತ್ತು. ಸ್ಟೆಪ್ಟೋ ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ಮೂವರೂ ಸೇರಿ 1980ರಲ್ಲಿ ಕೇಂಬ್ರಿಜ್ ಸಮೀಪ ಬೋರ್ನ್ ಹಾಲ್ ಎಂಬ ಖಾಸಗಿ ಕ್ಲಿನಿಕ್ ತೆರೆದರು. ಸರಕಾರ ಕೈಬಿಟ್ಟದ್ದನ್ನು ಮಾರುಕಟ್ಟೆ ಕೈಗೆತ್ತಿಕೊಂಡಿತು.

ನಮ್ಮ ದೇಶದ ಕಥೆ ಇನ್ನೂ ನೋವಿನದು. ಲೂಯಿಸ್ ಹುಟ್ಟಿದ ಎರಡೂವರೆ ತಿಂಗಳೊಳಗೆ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತಾದ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಶ್ರಮದಿಂದ ಹೆಣ್ಣು ಮಗುವೊಂದು ಜನಿಸಿತು. ರಾಜ್ಯ ಸರಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಲಾಯಿತು. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ಮುಂಬೈ ನಗರಪಾಲಿಕೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವರ ತಂಡದ ಪ್ರಯತ್ನದಿಂದ ಇನ್ನೊಂದು ಮಗು ಹುಟ್ಟಿದಾಗ ಅದನ್ನೇ ದೇಶದ ಮೊದಲನೆಯದೆಂದು ಸಾರಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದ ಕುಮಾರ್, ಮುಖ್ಯೋಪಾಧ್ಯಾಯರ ದಾಖಲೆಗಳನ್ನು ಓದಿ, ಮೊದಲಿಗರು ಅವರೇ ಎಂದು 1997ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ತನ್ನ ಕಿರೀಟವನ್ನು ತಾನೇ ಇಳಿಸಿ ಇನ್ನೊಬ್ಬರ ತಲೆಗಿಟ್ಟ ಇಂಥವರು ಅಪರೂಪ.

ನಗರಪಾಲಿಕೆಯ ಆಸ್ಪತ್ರೆಯಲ್ಲಿ ಗೆದ್ದ ಈ ವಿದ್ಯೆ ಮುಂದೆ ಜಿಲ್ಲಾಸ್ಪತ್ರೆಗಳಿಗೆ ಬರಲಿಲ್ಲ, ಖಾಸಗಿ ಕ್ಲಿನಿಕ್ಕುಗಳಿಗೆ ಹೋಯಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯೂ ಇದನ್ನು ಹೊರಗಿಟ್ಟಿತು. ಸಂತಾನವಿಲ್ಲದ ನೋವನ್ನು ನಮ್ಮ ಆಡಳಿತ ಕಾಯಿಲೆಯೆಂದೇ ಎಣಿಸಲಿಲ್ಲ.

ಧರ್ಮ ಇದಕ್ಕೆ ಅಡ್ಡ ಬಂತೇ? ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಜಾದುಲ್ ಹಕ್ 1980ರಲ್ಲೇ ಫತ್ವಾ ನೀಡಿ, ಗಂಡ ಹೆಂಡಿರ ನಡುವೆಯೇ ನಡೆಯುವುದಾದರೆ ಈ ಚಿಕಿತ್ಸೆ ಸಮ್ಮತ, ಮೂರನೆಯವರ ವೀರ್ಯ ಅಥವಾ ಅಂಡಾಣು ಸಲ್ಲದು ಎಂದರು. ಮುಪ್ಪಿನಲ್ಲಿ ಮಗುವಿಗಾಗಿ ಮೊರೆಯಿಟ್ಟ ಪ್ರವಾದಿ ಝಕರಿಯಾರನ್ನು ಬಲ್ಲ ಸಮುದಾಯಕ್ಕೆ ಈ ಹಂಬಲ ಹೊಸದೇನಲ್ಲ.

ಹಾಗಾದರೆ ಯಾವ ಬಾಗಿಲು ತಟ್ಟಬೇಕು? ಮೊದಲು ಸರಕಾರಿ ಆಸ್ಪತ್ರೆಯದನ್ನೇ ತಟ್ಟೋಣ. ಪ್ರಾಥಮಿಕ ಪರೀಕ್ಷೆ ಇಬ್ಬರಿಗೂ ಆಗಲಿ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ. ಆದರೂ ಅವನ ಸರಳ ಪರೀಕ್ಷೆಯೂ ಆಗದೆ ಸೊಸೆಗೆ 'ಬಂಜೆ' ಎಂಬ ಪಟ್ಟ ಕಟ್ಟುವ ಮನೆಗಳು ನಮ್ಮಲ್ಲಿವೆ. ಎಷ್ಟೋ ಜನರಿಗೆ ಮಾತ್ರೆಯೇ ಸಾಕಾಗುತ್ತದೆ. ವಯಸ್ಸು ಮೀರುತ್ತಿದ್ದು ಖಾಸಗಿಗೆ ಹೋಗಲೇಬೇಕಾದರೆ, 2021ರ ಕಾಯಿದೆಯಂತೆ ಕ್ಲಿನಿಕ್ ನೋಂದಣಿಯಾಗಿದೆಯೇ, ಔಷಧಿ ಸೇರಿ ಒಟ್ಟು ಖರ್ಚೆಷ್ಟು, ನಮ್ಮ ವಯಸ್ಸಿನವರಲ್ಲಿ ಎಷ್ಟು ಮಂದಿ ಮಗುವನ್ನು ಮನೆಗೆ ಒಯ್ದಿದ್ದಾರೆ ಎಂದು ಕೇಳೋಣ. ಒಳ್ಳೆಯ ಕೇಂದ್ರಗಳಲ್ಲೂ ಬಹಳಷ್ಟು ಪ್ರಯತ್ನಗಳು ಸೋಲುತ್ತವೆ. ಎಷ್ಟು ಸಲ, ಎಷ್ಟು ಹಣ ಎಂಬ ಗಡಿಯನ್ನು ದಂಪತಿ ಮೊದಲೇ ಹಾಕಿಕೊಳ್ಳಲಿ.

ಮದುವೆ ಮಂಟಪಗಳಿಗೆ ಲಕ್ಷ ಲಕ್ಷ ಸುರಿಯುವ ನಾವು, ಸರಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಬೇಕೆಂದು ಎಂದಾದರೂ ಕೇಳಿದ್ದೇವೆಯೇ? ಆ ವಿದ್ಯೆ ಅಲ್ಲಿಯೇ ಕಣ್ಣು ತೆರೆದದ್ದು. ಅದನ್ನು ಮರಳಿ ಕೇಳುವುದು ಭಿಕ್ಷೆಯಲ್ಲ, ಹಕ್ಕು.