ಚರಂಡಿಯಲ್ಲಿ ಬ್ಯಾಂಡೇಜ್ ಬಟ್ಟೆ, ಬೇರಿನ ಬುಡದಲ್ಲಿ ಡಯಾಲಿಸಿಸ್

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಉತ್ತರ ಡೆವನ್‌ನಲ್ಲಿ ಪ್ಯಾರಾಟೈಫಾಯ್ಡ್ ಜ್ವರ ಕಾಣಿಸಿಕೊಂಡಿತು. ಮೈಯಲ್ಲಿ ರೋಗಾಣು ಇದ್ದೂ ಆರೋಗ್ಯವಾಗಿಯೇ ಓಡಾಡಿಕೊಂಡಿರುವ ವಾಹಕರನ್ನು ಪತ್ತೆ ಹಚ್ಚಬೇಕಿತ್ತು. ಊರವರೆಲ್ಲರ ಮಲಪರೀಕ್ಷೆ ಮಾಡಿಸುವುದು ಆಗದ ಮಾತು. ಸೂಕ್ಷ್ಮಜೀವಿ ತಜ್ಞ ಬ್ರೆಂಡನ್ ಮೂರ್ ಅವರು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಮಡಿಸಿ, ತಂತಿ ಬಿಗಿದು, ಮ್ಯಾನ್‌ಹೋಲ್‌ಗಳಲ್ಲಿ ಇಳಿಬಿಟ್ಟರು. ಹರಿಯುವ ಕೊಳಚೆಯಲ್ಲಿ ದಿನಗಟ್ಟಲೆ ನೆನೆದ ಬಟ್ಟೆಯನ್ನು ಪ್ರಯೋಗಾಲಯಕ್ಕೆ ಒಯ್ದು ರೋಗಾಣುವಿದೆಯೇ ಎಂದು ನೋಡಿದರು. ಸಿಕ್ಕಿದ ಚರಂಡಿಯನ್ನೇ ಹಿಡಿದು ಮೇಲ್ಮೇಲಕ್ಕೆ ಹೋಗುತ್ತ, ಕವಲೊಡೆದಲ್ಲೆಲ್ಲ ಮತ್ತೆ ಬಟ್ಟೆ ಇಳಿಬಿಡುತ್ತ ಹೋದರೆ ವಾಹಕರ ಮನೆ ಸಿಗುತ್ತದೆ. 1948ರಲ್ಲಿ ಅವರು ಪ್ರಕಟಿಸಿದ ಈ ವಿಧಾನಕ್ಕೆ ಇಂದಿಗೂ ಅವರದೇ ಹೆಸರಿದೆ.

ಬಾಟಲಿಯಲ್ಲಿ ತುಂಬಿಕೊಂಡ ನೀರು ಆ ಒಂದು ಗಳಿಗೆಯದು. ಬಟ್ಟೆಯಾದರೋ ದಿನವಿಡೀ ಹಾದುಹೋದ ನೀರಿನಿಂದ ರೋಗಾಣುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಎಷ್ಟು ನೀರು ಹಾದುಹೋಯಿತೆಂದು ಗೊತ್ತಿಲ್ಲದ ಕಾರಣ, ಲೀಟರಿಗೆ ಎಷ್ಟು ರೋಗಾಣು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಆಸ್ಪತ್ರೆಯ ಸಲಕರಣೆಗಳು ಹೊಲಕ್ಕೂ ಹೊಳೆಗೂ ಇಳಿದ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಸಲಕರಣೆಯನ್ನು ಹೊತ್ತು ತರುವುದು ಸುಲಭ. ಅದು ಕೊಡುವ ಉತ್ತರಕ್ಕೆ ಹೊಸ ಜಾಗದಲ್ಲಿ ಏನರ್ಥ ಎಂಬುದನ್ನು ಮೊದಲಿಂದ ಕಂಡುಕೊಳ್ಳಬೇಕು.

ಚಿಲಿಯ ಸ್ಯಾಂಟಿಯಾಗೋದಲ್ಲಿ ಇದೆ-ಇಲ್ಲ ಎಂಬ ಉತ್ತರವೇ ಸಾಕಷ್ಟು ಹೇಳಿತು. 1980ರ ದಶಕದಲ್ಲಿ ತರಕಾರಿ ಹೊಲಗಳ ನೀರಾವರಿ ಕಾಲುವೆಗಳಲ್ಲಿ ಇಳಿಬಿಟ್ಟ ಮೂರ್ ಬಟ್ಟೆಗಳಲ್ಲಿ ಟೈಫಾಯ್ಡ್ ರೋಗಾಣು ಸಿಕ್ಕಿತು. ಸೊಪ್ಪು ತರಕಾರಿ ಬೆಳೆಯುತ್ತಿದ್ದುದು ನಗರದ ಕೊಳಚೆಯಲ್ಲಿ. 1991ರಲ್ಲಿ ಕಾಲರಾ ಬಂದೆರಗಿದಾಗ ಸರ್ಕಾರ ಅಂಥ ನೀರಾವರಿಯನ್ನು ನಿಷೇಧಿಸಿತು. ಅದರ ಬೆನ್ನಿಗೇ ಟೈಫಾಯ್ಡ್ ಕೂಡ ಗಣನೀಯವಾಗಿ ಇಳಿಯಿತು.

ಕಿಡ್ನಿ ರೋಗಿಗಳ ಡಯಾಲಿಸಿಸ್ ಫಿಲ್ಟರ್ ನೀರಿನ ಪರೀಕ್ಷೆಗೆ ಬಂದದ್ದು ಈ ಶತಮಾನದಲ್ಲಿ. ಕೂದಲೆಳೆಯಂಥ ಸಾವಿರಾರು ಟೊಳ್ಳು ನಾರುಗಳ ಕಟ್ಟು ಅದು. ರೋಗಿಯಲ್ಲಿ ಅದರ ಕೆಲಸ ಕಲ್ಮಶವನ್ನು ಹೊರಹಾಕುವುದು. ನೀರು ಪರೀಕ್ಷಿಸುವವರಿಗೆ ಬೇಕಾದದ್ದು ಹೊರಹೋಗದೆ ಒಳಗೇ ಉಳಿದದ್ದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ವಿಜ್ಞಾನಿಗಳು ನೂರು ಲೀಟರಿನಷ್ಟು ನೀರನ್ನು ಅದರಲ್ಲಿ ಹಾಯಿಸಿ ವೈರಸ್, ಬ್ಯಾಕ್ಟೀರಿಯಾ, ಪರಾವಲಂಬಿಗಳನ್ನು ಒಂದೇ ಸಲಕ್ಕೆ ಸೋಸಿಟ್ಟುಕೊಂಡರು. ಕೃಷಿಗೆ ಬಳಸುವ ನೀರಿನಲ್ಲಿ ಸೈಕ್ಲೋಸ್ಪೋರಾ ಎಂಬ ಪರಾವಲಂಬಿಯನ್ನು ಹುಡುಕಲು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈಗ ಇದೇ ವಿಧಾನ ಬಳಸುತ್ತದೆ.

ಟೊಳ್ಳು ನಾರಿನ ಇನ್ನೊಂದು ಪಯಣ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ವೀಡನ್ನಿನ ಉರ್ಬನ್ ಉಂಗರ್‌ಸ್ಟೆಡ್ 1970ರ ದಶಕದಲ್ಲಿ ಇಲಿಯ ಮೆದುಳಿಗೆ ಒಂದೇ ಒಂದು ನಾರನ್ನು ಇಳಿಸಿ, ಅಲ್ಲಿನ ರಾಸಾಯನಿಕಗಳನ್ನು ಅಳೆಯುವ ಮೈಕ್ರೋಡಯಾಲಿಸಿಸ್ ಬೆಳೆಸಿದರು. ನಾರಿನೊಳಗೆ ನಿಮಿಷಕ್ಕೆ ಕೆಲವೇ ಮೈಕ್ರೋಲೀಟರ್ ದ್ರವ ಹರಿಯುತ್ತದೆ. ಹೊರಗಿನ ಸಣ್ಣ ಅಣುಗಳು ಪೊರೆಯ ಮೂಲಕ ತಾವಾಗಿಯೇ ಒಳಸೇರುತ್ತವೆ. ಅಂಗಾಂಶದಿಂದ ದ್ರವ ಎಳೆದುಕೊಳ್ಳಬೇಕಾಗಿಲ್ಲ. 2011ರ ಹೊತ್ತಿಗೆ ಅದೇ ದೇಶದ ಉಮಿಯೋದಲ್ಲಿ ಎರಿಕ್ ಇನ್ಸೆಲ್ಸ್‌ಬಾಕರ್, ಟೊರ್ಗ್ನಿ ನಾಶೋಮ್ ಮತ್ತು ಸಂಗಡಿಗರು ಅಂಥದೇ ನಾರಿನ ಮೊನೆಯನ್ನು ಮಣ್ಣಿಗೆ ಚುಚ್ಚಿದರು. ಅಲ್ಲಿಯವರೆಗಿನ ರೂಢಿಯೆಂದರೆ ಮಣ್ಣನ್ನು ಅಗೆದು, ಜರಡಿ ಹಿಡಿದು, ಉಪ್ಪಿನ ದ್ರಾವಣದಲ್ಲಿ ಅಲ್ಲಾಡಿಸಿ ಸಾರಜನಕ ಅಳೆಯುವುದು. ಮಣ್ಣನ್ನು ಕದಡದೆ ನೋಡಿದಾಗ ಚಿತ್ರವೇ ಬದಲಾಯಿತು: ಉತ್ತರದ ಸೂಚಿಪರ್ಣಿ ಕಾಡುಗಳಲ್ಲಿ ಬೇರಿನ ಕಡೆಗೆ ಹರಿಯುವ ಸಾರಜನಕದ ದೊಡ್ಡ ಪಾಲು ಅಮೈನೋ ಆಮ್ಲಗಳ ರೂಪದಲ್ಲಿತ್ತು.

2015ರಲ್ಲಿ ಆಸ್ಟ್ರೇಲಿಯಾದ ಕಬ್ಬಿನ ಗದ್ದೆಗಳ ಅಧ್ಯಯನವೊಂದು, ಗೊಬ್ಬರದಿಂದ ಬರುವ ಸಾರಜನಕಕ್ಕೂ ಬೇರು ಹೀರಬಲ್ಲ ಪ್ರಮಾಣಕ್ಕೂ ತಾಳೆಯಿಲ್ಲ ಎಂದು ಇದೇ ಸಲಕರಣೆಯಿಂದ ತೋರಿಸಿತು. ಮಂಡ್ಯ, ಬೆಳಗಾವಿಯ ಕಬ್ಬಿನ ಹೊಲಗಳಲ್ಲೂ ಇಂಥ ಅಳತೆ ನಡೆಯಬೇಕೆಂಬುದು ನನ್ನ ಬಲವಾದ ಆಸೆ. ಆದರೆ ಇಲ್ಲೊಂದು ತೊಡಕಿದೆ. ಮೆದುಳು ಸದಾ ಒದ್ದೆ, ಮಣ್ಣು ಹಾಗಲ್ಲ. ತೇವ ಆರುತ್ತಿದ್ದಂತೆ ಅಣುಗಳ ಚಲನೆ ನಿಧಾನವಾಗಿ, ಪೋಷಕಾಂಶ ಅಷ್ಟೇ ಇದ್ದರೂ ನಾರಿಗೆ ಸಿಗುವುದು ಕಡಿಮೆಯಾಗುತ್ತದೆ. ಹಾಗಾಗಿ ಲೋಟದ ದ್ರಾವಣದಲ್ಲಿ ಸರಿಹೊಂದಿಸಿಕೊಂಡ ಲೆಕ್ಕ ಹೊಲದಲ್ಲಿ ನಿಲ್ಲದು. ಮಣ್ಣಿನಲ್ಲಿ ಎಷ್ಟಿದೆ ಎನ್ನುವುದರ ಬದಲು, ಬೇರಿಗೆ ಎಷ್ಟು ತಲುಪುತ್ತಿದೆ ಎಂದು ಆ ಅಂಕಿಯನ್ನು ಓದಬೇಕು. ಗಿಡಕ್ಕೆ ಬೇಕಾದದ್ದೂ ಅದೇ ತಾನೆ.

ಸಿರಿಂಜ್ ನಮ್ಮ ಗದ್ದೆಗಳಲ್ಲಿ ದೊಡ್ಡ ಕೆಲಸವನ್ನೇ ಮಾಡಿದೆ. ಮೀಥೇನ್ ಅನಿಲ ಅಳೆಯಲು ಭತ್ತದ ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಮುಚ್ಚಿ, ಅಂಚು ನೀರಿನಲ್ಲಿ ಮುಳುಗಿರುವಂತೆ ನೋಡಿಕೊಂಡು, ನಿಗದಿತ ಹೊತ್ತಿಗೊಮ್ಮೆ ಸಿರಿಂಜಿನಿಂದ ಒಳಗಿನ ಗಾಳಿ ಎಳೆಯುತ್ತಾರೆ. ಎಳೆದ ಕೂಡಲೇ ಬಾಯಿ ಮುಚ್ಚಲು ಡ್ರಿಪ್ ಕೊಡುವಾಗ ಬಳಸುವ ಮೂರು ದಾರಿಯ ಪುಟ್ಟ ತಿರುಪನ್ನೇ ಬಳಸುವುದುಂಟು. ಭಾರತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಬೀಳುತ್ತದೆಂದು ಅಮೆರಿಕದ ಪರಿಸರ ಸಂಸ್ಥೆ ಅಂದಾಜಿಸಿತ್ತು. 1991ರಲ್ಲಿ ವಿಜ್ಞಾನಿ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಅಭಿಯಾನ ಪೆಟ್ಟಿಗೆ ಮುಚ್ಚಿ ಅಳೆದಾಗ ಬಂದದ್ದು ಸುಮಾರು 40 ಲಕ್ಷ ಟನ್. ಹವಾಮಾನ ಮಾತುಕತೆಗಳಲ್ಲಿ ಬಡ ರೈತನ ಮೇಲೆ ಹೊರಿಸಿದ್ದ ಭಾರ ಗದ್ದೆಯಲ್ಲಿ ನಿಂತು ತೆಗೆದ ಗಾಳಿಯಿಂದ ಇಳಿಯಿತು.

ಚರ್ಮಕ್ಕೆ ನೋವಿಲ್ಲದೆ ಔಷಧಿ ಕೊಡಲೆಂದು ಬೆಳೆದ ಸೂಕ್ಷ್ಮಸೂಜಿ ಪಟ್ಟಿಯದು ತೀರಾ ಇತ್ತೀಚಿನ ಬೆಳವಣಿಗೆ. 2019ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 0.8 ಮಿಲಿಮೀಟರ್ ಉದ್ದದ ನೂರಾರು ಮೊನೆಗಳ, ಅಂಚೆಚೀಟಿಯಷ್ಟಗಲದ ಪಟ್ಟಿಯನ್ನು ಟೊಮೆಟೊ ಎಲೆಗೆ ಒತ್ತಿ, ಕಿತ್ತು, ದ್ರಾವಣದಲ್ಲಿ ತೊಳೆದು, ಸುಮಾರು ಒಂದು ನಿಮಿಷದಲ್ಲಿ ಡಿಎನ್‌ಎ ತೆಗೆದರು. ಅವರು ಹುಡುಕಿದ್ದು ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಅಂಗಮಾರಿಯ ರೋಗಕಾರಕವನ್ನು. ಮುಂದೆ ಇದಕ್ಕೆ ಸ್ಮಾರ್ಟ್‌ಫೋನ್ ಜೋಡಿಸಿ ಹೊಲದಲ್ಲೇ ಫಲಿತಾಂಶ ನೋಡುವ ವ್ಯವಸ್ಥೆಯನ್ನೂ ರೂಪಿಸಿದರು. ಆದರೂ ಒಂದು ಪಟ್ಟಿ ಹೇಳುವುದು ಒಂದು ಎಲೆಯ ಸುದ್ದಿ. ಒಂದು ಎಕರೆಯಲ್ಲಿ ಎಷ್ಟು ಗಿಡ, ಯಾವ ಮೂಲೆಯವು, ಮಳೆ ಬಿದ್ದ ಎಷ್ಟನೆಯ ದಿನ ಒತ್ತಿ ನೋಡಿದರೆ ಸಿಂಪಡಣೆಗೆ ಮುಂಚೆ ರೋಗ ಸಿಕ್ಕೀತು ಎಂಬ ಲೆಕ್ಕವನ್ನು ಆಯಾ ಸೀಮೆಯ ಹವೆ, ತಳಿ, ಸಾಲಿನ ಅಂತರ ನೋಡಿಯೇ ಹಾಕಬೇಕಾಗಿದೆ.